'ಪರವಾಗಿಲ್ಲ' ಎನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ?

ವಸ್ತು ಅತ್ಯುತ್ತಮವೇನಲ್ಲ, ಹಾಗೆಂದು ತೆಗೆದುಹಾಕುವಂಥದ್ದೂ ಅಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕು ಎಂಬ ಪ್ರಶ್ನೆ ಶಿವಮೊಗ್ಗ ಜಿಲ್ಲೆಯ ಓದುಗರಿಂದ ಬರುತ್ತಲೇ ಇರುತ್ತದೆ. ಕೇಳುವವರ ಕಸುಬು ಮಾತ್ರ ಬೇರೆ ಬೇರೆ. ಹೊಸನಗರದ ಹೋಂಸ್ಟೇ ಮಾಲೀಕರಿಗೆ ಕೋಣೆಯ ವಿವರಣೆ ಬೇಕು. ತೀರ್ಥಹಳ್ಳಿಯ ಬೆಳೆಗಾರರಿಗೆ ಕಾಳುಮೆಣಸಿನ ಮಾದರಿಯ ಜೊತೆ ಇಡಲು ನಾಲ್ಕು ಸಾಲು ಬೇಕು. ಶಿಕ್ಷಕರು ಪ್ರಗತಿ ಪತ್ರದ ಷರಾ ಕಾಲಂ ತುಂಬಬೇಕು. ಸಾಗರದ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಂಗಳೂರಿನ ಕಂಪನಿಗೆ ದುಡಿಯುವ ತರುಣರು ಸಹೋದ್ಯೋಗಿಯ ಕೆಲಸದ ಬಗ್ಗೆ ಅಭಿಪ್ರಾಯ ಬರೆಯಬೇಕು. ಒಬ್ಬೊಬ್ಬರಿಗೂ ಪ್ರತ್ಯೇಕ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಪದಗಳ ಕೊರತೆ ಇಲ್ಲ. ಓಕೆ, ಫೈನ್, ಡೀಸೆಂಟ್, ಫೇರ್, ಆವರೇಜ್, ಆಡಿಕ್ವೆಟ್, ಪಾಸಬಲ್, ಸ್ಯಾಟಿಸ್‌ಫ್ಯಾಕ್ಟರಿ, ಮೀಡಿಯೋಕರ್ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ನಿಘಂಟು ತೆರೆದರೆ ಎಲ್ಲದರ ಮುಂದೆಯೂ 'ಸಾಧಾರಣ', 'ತೃಪ್ತಿಕರ', 'ಸಾಕಷ್ಟು' ಎಂಬ ಮೂರೇ ಅರ್ಥಗಳು ಸರದಿಯಂತೆ ಕಾಣುತ್ತವೆ. ಎಡವುವುದು ಅಲ್ಲೇ. ಈ ಪದಗಳಿಗೆ ಬೆಲೆ ಕಟ್ಟುವುದು ಓದುವವರ ಕೈಯಲ್ಲಿರುವ ಅಳತೆಗೋಲು. ಒಂದು ಕಡೆ ಹಣ ತಂದುಕೊಡುವ ಪದವೇ ಇನ್ನೊಂದು ಕಡೆ ಬಡ್ತಿ ತಪ್ಪಿಸುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ವಸ್ತುವಿನ ಬಗ್ಗೆ ಅಳೆದೋ ಎಣಿಸಿಯೋ ಹೇಳಬಹುದಾದ ಎರಡು ಮೂರು ಸಂಗತಿಗಳನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಓದುವವರು ಯಾರೆಂಬುದು ಸ್ಪಷ್ಟವಾಗಿರಲಿ. ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್–ಇಂಗ್ಲಿಷ್ ನಿಘಂಟೊಂದು ಇದ್ದರೆ ಒಳ್ಳೆಯದು. ಥೆಸಾರಸ್, ಅಂದರೆ ಹತ್ತಿರದ ಅರ್ಥದ ಪದಗಳನ್ನು ಒಂದೇ ಗುಂಪಿಗೆ ಹಾಕಿ ಕೊಡುವ ಕೋಶ, ಈ ಕೆಲಸಕ್ಕೆ ಬೇಡ. ಅದರಲ್ಲಿ 'ಡೀಸೆಂಟ್' ಮತ್ತು 'ಮೀಡಿಯೋಕರ್' ಅಕ್ಕಪಕ್ಕದಲ್ಲೇ ಕುಳಿತಿರಬಹುದು. ಬದುಕಿನಲ್ಲಿ ಅವೆರಡೂ ಒಂದೇ ಪಂಕ್ತಿಯಲ್ಲಿ ಕೂರುವವಲ್ಲ.

1. ಮೊದಲು ಕನ್ನಡದಲ್ಲಿ ತೀರ್ಮಾನಿಸಿ

ನಿಮ್ಮ ಮನಸ್ಸಿನಲ್ಲಿರುವುದು ಯಾವ 'ಪರವಾಗಿಲ್ಲ'? ಕನ್ನಡದಲ್ಲೂ ಇದಕ್ಕೆ ಮೆಟ್ಟಿಲುಗಳಿವೆ. 'ಅಡ್ಡಿಯಿಲ್ಲ', 'ಪರವಾಗಿಲ್ಲ', 'ತಕ್ಕಮಟ್ಟಿಗಿದೆ', 'ಸುಮಾರಾಗಿದೆ', 'ಹೇಗೋ ನಡೆಯುತ್ತದೆ', 'ಅಷ್ಟಕ್ಕಷ್ಟೆ'. ಮಲೆನಾಡಿನ ಹಿರಿಯರು ಎರಡನೆಯ ಸಲ ಕಡುಬು ಹಾಕಿಸಿಕೊಂಡು 'ಅಡ್ಡಿಯಿಲ್ಲ' ಎಂದರೆ ಅದು ಹೊಗಳಿಕೆ. ಅದಕ್ಕಿಂತ ದೊಡ್ಡ ಮಾತು ಅವರ ಬಾಯಿಂದ ಬರುವುದಿಲ್ಲ. ಅದೇ ಹಿರಿಯರು ಹೊಸ ಸೇತುವೆಯ ಕಾಮಗಾರಿ ನೋಡಿ 'ಅಷ್ಟಕ್ಕಷ್ಟೆ' ಎಂದರೆ ಗುತ್ತಿಗೆದಾರ ತಲೆ ತಗ್ಗಿಸಬೇಕು.

ಆದ್ದರಿಂದ ಇಂಗ್ಲಿಷ್ ಪದ ಹುಡುಕುವ ಮುನ್ನ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ನಿರೀಕ್ಷೆಗಿಂತ ತುಸು ಮೇಲಿದೆ, ಮನಸ್ಸಿಗೆ ಒಪ್ಪಿದೆ: ಇದು ಮೇಲಿನ ಮೆಟ್ಟಿಲು. ಕೇಳಿದ್ದಷ್ಟು ಇದೆ, ದೂರೂ ಇಲ್ಲ, ಸಂಭ್ರಮವೂ ಇಲ್ಲ: ನಡುವಿನದು. ಬೇರೆ ಸಿಗದಿದ್ದುದರಿಂದ ಇದನ್ನೇ ಬಳಸಿದೆವು: ಕೆಳಗಿನದು. ಈ ತೀರ್ಮಾನ ಆಗದೆ ಬರೆಯಲು ಕುಳಿತವರೇ ಕೊನೆಗೆ 'ಓಕೆ ಟೈಪ್' ಎಂದು ಬರೆದು ಕೈತೊಳೆದುಕೊಳ್ಳುವುದು.

2. ಅಳತೆಗೋಲು ಯಾರದೆಂದು ಪತ್ತೆ ಮಾಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಇಲ್ಲಿ ತುಸು ನಿಧಾನವಾಗಿ ಓದಿ.

ಶಿವಮೊಗ್ಗದ ಅಡಿಕೆ ಮಾರುಕಟ್ಟೆಯನ್ನೇ ನೋಡಿ. ಧಾರಣೆ ಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರುಗಳಿರುತ್ತವೆ. ಅಡಿಕೆ ಬೆಳೆಯುವವರಿಗೆ ಇವುಗಳ ನಡುವಿನ ಅಂತರ ಸಾವಿರಾರು ರೂಪಾಯಿ. ಹೊರಗಿನವರಿಗೆ ನಾಲ್ಕೂ ಬರಿಯ ಹೆಸರು. ಇಂಗ್ಲಿಷಿನ 'ಫೇರ್', 'ಗುಡ್', 'ಆವರೇಜ್' ಕೂಡ ಹಲವು ಕಡೆ ಹೀಗೆಯೇ ದರ್ಜೆಯ ಹೆಸರುಗಳು. ಒಳಗಿನವರಿಗೆ ಮಾತ್ರ ಅವುಗಳ ನಿಜವಾದ ಬೆಲೆ ತಿಳಿದಿರುತ್ತದೆ.

ಭತ್ತ ಮಾರಲು ಖರೀದಿ ಕೇಂದ್ರಕ್ಕೆ ಹೋದವರು 'ಎಫ್‌ಎಕ್ಯೂ' ಎಂಬ ಮೂರಕ್ಷರ ಕೇಳಿರುತ್ತೀರಿ. ಅದರ ವಿಸ್ತಾರ 'ಫೇರ್ ಆವರೇಜ್ ಕ್ವಾಲಿಟಿ', ಅಂದರೆ ಒಪ್ಪತಕ್ಕ ಸರಾಸರಿ ಗುಣಮಟ್ಟ. ಸರ್ಕಾರದ ಕನಿಷ್ಠ ಬೆಂಬಲ ಬೆಲೆ ಸಿಗುವುದು ಈ ಮಟ್ಟದ ಭತ್ತಕ್ಕೆ. ತೇವಾಂಶ ಶೇ 17 ದಾಟಬಾರದು ಎಂಬಂತಹ ಮಿತಿಗಳೆಲ್ಲ ಸೇರಿ ಆ ಮಟ್ಟವನ್ನು ನಿಗದಿಪಡಿಸುತ್ತವೆ. ಇಲ್ಲಿ 'ಆವರೇಜ್' ಎನಿಸಿಕೊಂಡರೆ ಹಣ ಕೈಸೇರಿತು ಎಂದರ್ಥ. ಅದಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ.

ಅದೇ ಪದವನ್ನು ಪದವಿ ಅಂಕಪಟ್ಟಿಯಲ್ಲಿ ನೋಡಿ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2015ರಲ್ಲಿ ಸೂಚಿಸಿದ ಹತ್ತು ಅಂಶಗಳ ದರ್ಜೆ ಪದ್ಧತಿಯಲ್ಲಿ ಮೇಲಿನಿಂದ ಕೆಳಕ್ಕೆ ಔಟ್‌ಸ್ಟ್ಯಾಂಡಿಂಗ್, ಎಕ್ಸಲೆಂಟ್, ವೆರಿ ಗುಡ್, ಗುಡ್, ಅಬವ್ ಆವರೇಜ್, ಆವರೇಜ್, ಪಾಸ್ ಎಂದು ಇಳಿಯುತ್ತದೆ. 'ಗುಡ್' ಎಂದರೆ 7, 'ಆವರೇಜ್' ಎಂದರೆ 5. ಅದರ ಕೆಳಗೆ 4ರ 'ಪಾಸ್', ಆಮೇಲೆ ನಪಾಸು. ಹೆಸರಿಗೆ ಸರಾಸರಿಯಾದರೂ ಅದು ತೇರ್ಗಡೆಯ ಗೆರೆಗಿಂತ ಒಂದೇ ಮೆಟ್ಟಿಲು ಮೇಲಿದೆ. ಮಗಳ ಅಂಕಪಟ್ಟಿಯಲ್ಲಿ 'ಗುಡ್' ನೋಡಿ ಹಿಗ್ಗುವ ತಂದೆ, ಅದರ ಮೇಲೆ ಇನ್ನೂ ಮೂರು ಮೆಟ್ಟಿಲುಗಳಿವೆ ಎಂಬುದನ್ನು ಗಮನಿಸಿರುವುದಿಲ್ಲ.

ಸರ್ಕಾರಿ ನೌಕರಿಯಲ್ಲಿ ಈ 'ಗುಡ್' ಇನ್ನೂ ಅಪಾಯಕಾರಿ. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯ ಅಧಿಕಾರಿಯೊಬ್ಬರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬಡ್ತಿಗೆ ಐದು ವರ್ಷಗಳ ವಾರ್ಷಿಕ ಗೋಪ್ಯ ವರದಿಗಳಲ್ಲಿ 'ವೆರಿ ಗುಡ್' ಇರಬೇಕಿತ್ತು. ಅವರಿಗೆ ಒಂದು ವರ್ಷ ಬರೀ 'ಗುಡ್' ಎಂದು ಬರೆದಿದ್ದರು. ಅಷ್ಟಕ್ಕೇ ಬಡ್ತಿ ತಪ್ಪಿತು. ಬಡ್ತಿಗೆ ಬೇಕಾದ ಮಟ್ಟ 'ವೆರಿ ಗುಡ್' ಆಗಿರುವಾಗ 'ಗುಡ್' ಕೂಡ ಪ್ರತಿಕೂಲ ಷರಾವೇ ಆಗುತ್ತದೆ, ಅದನ್ನು ನೌಕರನಿಗೆ ತಿಳಿಸಲೇಬೇಕು ಎಂದು 2008ರಲ್ಲಿ ನ್ಯಾಯಾಲಯ ಹೇಳಿತು. ಅಧೀನ ನೌಕರರ ವರದಿ ಬರೆಯುವ ಮೇಲಧಿಕಾರಿಗಳು ಈ ತೀರ್ಪನ್ನು ಒಮ್ಮೆ ನೆನಪಿಸಿಕೊಂಡು ಪೆನ್ನು ತೆಗೆಯುವುದು ಒಳ್ಳೆಯದು.

ಇಂಗ್ಲೆಂಡಿನ ಶಾಲೆಗಳ ಕಥೆಯೂ ಇಂಥದ್ದೇ. ಅಲ್ಲಿನ ಶಾಲಾ ತಪಾಸಣೆ ಸಂಸ್ಥೆ ಆಫ್‌ಸ್ಟೆಡ್ ಬಳಸುತ್ತಿದ್ದ ನಾಲ್ಕು ದರ್ಜೆಗಳಲ್ಲಿ ಮೂರನೆಯದು 'ಸ್ಯಾಟಿಸ್‌ಫ್ಯಾಕ್ಟರಿ'. ಅಕ್ಷರಶಃ ತೃಪ್ತಿಕರ. ತೃಪ್ತಿಕರ ಎಂಬ ಹೆಸರೇ ತೃಪ್ತಿ ಕೊಡುತ್ತಿಲ್ಲವೆಂದು 2012ರ ಸೆಪ್ಟೆಂಬರಿನಿಂದ ಅದನ್ನು ತೆಗೆದು, ಆ ಜಾಗಕ್ಕೆ 'ಸುಧಾರಣೆ ಅಗತ್ಯ' ಎಂಬರ್ಥದ ದರ್ಜೆಯನ್ನು ತಂದರು. ನಮ್ಮ ಶಿಕ್ಷಕರು ಪ್ರಗತಿ ಪತ್ರದಲ್ಲಿ 'ಸ್ಯಾಟಿಸ್‌ಫ್ಯಾಕ್ಟರಿ' ಎಂದು ಬರೆಯುವಾಗ ಅವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಆ ಎರಡನೆಯ ಅರ್ಥವೇ. ಪೋಷಕರು ಓದುವುದು ಮಾತ್ರ ಮೊದಲನೆಯದನ್ನು.

ಹಳೆಯ ಪುಸ್ತಕ ತರಿಸುವವರಿಗೂ ಒಂದು ಮಾತು. ಇಂಗ್ಲಿಷ್ ಹಳೆಪುಸ್ತಕ ವ್ಯಾಪಾರದಲ್ಲಿ 'ಫೈನ್' ಎಂದರೆ ಹೊಸದಕ್ಕೆ ಹತ್ತಿರ. 'ಗುಡ್' ಎಂದರೆ ಚೆನ್ನಾಗಿ ಬಳಸಿ ಸವೆದ, ಪುಟಗಳೆಲ್ಲ ಇರುವ ಸಾಮಾನ್ಯ ಪ್ರತಿ. 'ಫೇರ್' ಎಂದರೆ ಓದಲು ಬರುತ್ತದೆ, ತೋರಿಸಲು ಬರುವುದಿಲ್ಲ. ಅಮೆರಿಕದ ಹತ್ತಿ ವ್ಯಾಪಾರದಲ್ಲಂತೂ 'ಮಿಡ್ಲಿಂಗ್' ನಡುವಿನ ದರ್ಜೆ. ಹೆಸರಿರುವ ದರ್ಜೆಗಳಲ್ಲಿ ತೀರಾ ಕೆಳಗಿನದರ ಹೆಸರು 'ಗುಡ್ ಆರ್ಡಿನರಿ'. ತಳಮಟ್ಟದ ಸರಕಿಗೂ 'ಗುಡ್' ಎಂದು ಕರೆದವರ ವ್ಯಾಪಾರ ಬುದ್ಧಿಯನ್ನು ಮೆಚ್ಚಲೇಬೇಕು.

ಎಚ್ಚರಿಕೆ: ನೀವು ಬರೆಯುತ್ತಿರುವ ನಮೂನೆಗೆ ದರ್ಜೆಯ ಪಟ್ಟಿ ಇದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ನಿಘಂಟು ಮುಚ್ಚಿಟ್ಟು ಆ ಪಟ್ಟಿಯ ಪದವನ್ನೇ ಬಳಸಿ. ಕಂಪನಿಗಳ ವಾರ್ಷಿಕ ಮೌಲ್ಯಮಾಪನದಲ್ಲಿ 'ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್', ಅಂದರೆ ನಿರೀಕ್ಷೆಯಷ್ಟು ಮಾಡಿದ್ದಾರೆ ಎಂಬ ನಡುದರ್ಜೆ ಇರುತ್ತದೆ. ಅದರ ಬದಲು ಸ್ವಂತ ಜಾಣತನದಿಂದ 'ಆಡಿಕ್ವೆಟ್' ಎಂದು ಬರೆದರೆ ಓದಿದ ಮೇಲಧಿಕಾರಿಗೆ ಅದು ದೂರಿನಂತೆ ಕೇಳಿಸುತ್ತದೆ.

3. ಮೆಟ್ಟಿಲಿಗೆ ತಕ್ಕ ಪದ ಆರಿಸಿ

ದರ್ಜೆಯ ಪಟ್ಟಿ ಇಲ್ಲದಿದ್ದಾಗ ಆಯ್ಕೆ ನಿಮ್ಮದೇ.

ಮೇಲಿನ ಮೆಟ್ಟಿಲಿಗೆ 'ಡೀಸೆಂಟ್', 'ರೀಸನಬಲ್', 'ನಾಟ್ ಬ್ಯಾಡ್' ಒಪ್ಪುತ್ತವೆ. ನಮ್ಮಲ್ಲಿ 'ಡೀಸೆಂಟ್' ಎಂದರೆ ಸಭ್ಯ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ; 'ಡೀಸೆಂಟ್ ಹುಡುಗ' ಎಂದರೆ ಬೀಡಿ ಸೇದದವನು. ವಸ್ತುವಿಗೆ ಹೇಳಿದಾಗ ಅದು ಸಭ್ಯತೆಯ ಮಾತಲ್ಲ. ಕೊಟ್ಟ ಬೆಲೆಗೆ ಮೋಸವಿಲ್ಲ ಎಂದರ್ಥ. ಡೀಸೆಂಟ್ ಸಂಬಳ, ಡೀಸೆಂಟ್ ಕಾಫಿ, ಡೀಸೆಂಟ್ ರಸ್ತೆ, ಎಲ್ಲವೂ ಸರಿ. 'ರೀಸನಬಲ್' ಬೆಲೆಗೆ ಮತ್ತು ಷರತ್ತುಗಳಿಗೆ ಚೆನ್ನಾಗಿ ಹೊಂದುತ್ತದೆ, ಊಟಕ್ಕೆ ಅಷ್ಟಾಗಿ ಹೊಂದದು. 'ನಾಟ್ ಬ್ಯಾಡ್' ನಮ್ಮ 'ಅಡ್ಡಿಯಿಲ್ಲ'ದ ಖಾಸಾ ತಮ್ಮ: ಇಲ್ಲ ಎಂಬುದರಿಂದ ಹೌದು ಎನ್ನಿಸುವ ಮಾತು. ಬ್ರಿಟಿಷರ ಬಾಯಲ್ಲಿ ಇದು ಹಲವು ಬಾರಿ ನಿಜವಾದ ಹೊಗಳಿಕೆ.

ನಡುವಿನ ಮೆಟ್ಟಿಲಿನಲ್ಲಿ ಜನಸಂದಣಿ ಹೆಚ್ಚು. 'ಓಕೆ' ಮಾತಿಗೆ ಸರಿ, ಬರವಣಿಗೆಯಲ್ಲಿ ಬೇಸರದಂತೆ ಕಾಣುತ್ತದೆ. 1839ರ ಮಾರ್ಚಿನಲ್ಲಿ ಬಾಸ್ಟನ್ ಪತ್ರಿಕೆಯೊಂದರಲ್ಲಿ, 'ಆಲ್ ಕರೆಕ್ಟ್' ಎನ್ನುವುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದು ಮೊಟಕುಗೊಳಿಸಿದ ತಮಾಷೆಯಾಗಿ ಅದು ಅಚ್ಚಾಯಿತು. 'ಎಲ್ಲವೂ ಸರಿ' ಎಂದು ಹುಟ್ಟಿದ ಪದ ಇಂದು 'ಸರಿ ಬಿಡಿ' ಎನ್ನುವಲ್ಲಿಗೆ ಬಂದು ನಿಂತಿದೆ.

'ಫೈನ್' ವಿಷಯದಲ್ಲಿ ಒಂದು ನಿಯಮ ನೆನಪಿಡಿ, ಇದು ಬಹುಪಾಲು ಕೈಕೊಡುವುದಿಲ್ಲ. ನಾಮಪದದ ಮುಂದೆ ಬಂದರೆ ಅದು ಶ್ರೇಷ್ಠ: 'ಎ ಫೈನ್ ಕುಕ್' ಎಂದರೆ ಉತ್ತಮ ಅಡುಗೆಯವರು, 'ಫೈನ್ ಸಿಲ್ಕ್' ಎಂದರೆ ನಯವಾದ ರೇಷ್ಮೆ. ವಾಕ್ಯದ ಕೊನೆಗೆ ಹೋದರೆ ಅದು ಕೆಳಗಿಳಿಯುತ್ತದೆ: 'ದ ಫುಡ್ ವಾಸ್ ಫೈನ್' ಎಂದರೆ ಊಟಕ್ಕೆ ತೊಂದರೆಯಾಗಲಿಲ್ಲ, ಅಷ್ಟೆ. ಒಂದೇ ಪದ, ಕುಳಿತ ಜಾಗ ಬೇರೆ. ನಿಮ್ಮ ಅತ್ತಿಗೆಯ ಅಡುಗೆಯನ್ನು ಇಂಗ್ಲಿಷಿನಲ್ಲಿ ಹೊಗಳಬೇಕಾದರೆ ಈ ಜಾಗದ ಲೆಕ್ಕ ತಪ್ಪಬೇಡಿ.

'ಆಡಿಕ್ವೆಟ್' ಹೊಂದುವುದು ಅಳತೆಗೆ: ಗಾಳಿ ಬೆಳಕು, ವಾಹನ ನಿಲ್ಲಿಸುವ ಜಾಗ, ನೀರಿನ ಪೂರೈಕೆ, ಸಿಬ್ಬಂದಿಯ ಸಂಖ್ಯೆ. ಅಲ್ಲಿ ಅದು ಗೌರವದ ಪದ. ಮನುಷ್ಯರಿಗೆ ಅಂಟಿಸಿದರೆ ಚುಚ್ಚುತ್ತದೆ. ಗಂಡನ ಬಗ್ಗೆ 'ಆಡಿಕ್ವೆಟ್' ಎಂದು ಬರೆದರೆ ಓದಿದವರು ವಿಚ್ಛೇದನದ ಅರ್ಜಿ ಹುಡುಕುತ್ತಾರೆ. 'ಆಕ್ಸೆಪ್ಟಬಲ್' ಎಂದರೆ ಗೆರೆ ದಾಟಿದೆ. ಪ್ರಯೋಗಾಲಯದ ವರದಿಗೆ, ಪರಿಶೀಲನಾ ಪತ್ರಕ್ಕೆ ತಕ್ಕದ್ದು. 'ಸರ್ವಿಸಬಲ್' ಬಳಸುವವರು ಕಡಿಮೆ, ಒಳ್ಳೆಯ ಪದ. ಹಳೆಯ ಜೀಪು, ಕಳೆಕತ್ತಿ, ಕಳೆದ ವರ್ಷದ ಕೊಡೆ, ಎಲ್ಲವೂ ಅಂದವಿಲ್ಲದಿದ್ದರೂ ಕೆಲಸ ಕೊಡುತ್ತವೆ ಎನ್ನಲು ಇದಕ್ಕಿಂತ ತಕ್ಕ ಪದವಿಲ್ಲ. 'ಫೇರ್' ಪದವನ್ನು ಮಾತ್ರ ನಮ್ಮ ಓದುಗರಿಗೆ ಬರೆಯುವಾಗ ದೂರವಿಡಿ. ವಧು-ವರರ ಜಾಹೀರಾತುಗಳು ಅದನ್ನು ಮೈಬಣ್ಣಕ್ಕೆ ಬರೆದುಕೊಟ್ಟಾಗಿದೆ.

'ಗುಡ್ ಎನಫ್' ಬಗ್ಗೆ ಕಂಪನಿಗಳಲ್ಲಿ ಕೆಲಸ ಮಾಡುವವರು ಪ್ರತ್ಯೇಕವಾಗಿ ಕೇಳುತ್ತಾರೆ. ಇದು ಸೋಮಾರಿಯ ಮಾತೆಂದು ತಿಳಿಯಬೇಡಿ. ಎಲ್ಲ ದಾರಿಗಳನ್ನೂ ತೂಗಿ ಅತ್ಯುತ್ತಮವಾದದ್ದನ್ನೇ ಹುಡುಕುವಷ್ಟು ಸಮಯ, ಮಾಹಿತಿ ಯಾರಿಗೂ ಇರುವುದಿಲ್ಲ. ಸಾಕಾಗುವಂಥದ್ದು ಸಿಕ್ಕ ಕೂಡಲೇ ಜನ ನಿಲ್ಲುತ್ತಾರೆ ಎಂದು ಅಮೆರಿಕದ ಸಮಾಜವಿಜ್ಞಾನಿ ಹರ್ಬರ್ಟ್ ಸೈಮನ್ ವಾದಿಸಿದರು. ಆ ನಡೆಗೆ ಅವರು 1956ರಲ್ಲಿ ಬಳಸಿದ ಪದ 'ಸ್ಯಾಟಿಸ್‌ಫೈಸ್', ತೃಪ್ತಿ ಮತ್ತು ಸಾಕು ಎಂಬರ್ಥದ ಎರಡು ಪದಗಳ ಜೋಡಣೆ. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆದ್ದರಿಂದ 'ಈ ಬಿಡುಗಡೆಗೆ ಇದು ಗುಡ್ ಎನಫ್' ಎಂದು ಧಾರಾಳವಾಗಿ ಬರೆಯಿರಿ. ಯಾವುದಕ್ಕೆ ಸಾಕು ಎಂಬುದನ್ನು ಮಾತ್ರ ಬಿಡಬೇಡಿ. 'ಯಾವುದಕ್ಕೆ' ಇಲ್ಲದ 'ಗುಡ್ ಎನಫ್' ಜಾರಿಕೊಳ್ಳುವ ಮಾತು.

ಕೆಳಗಿನ ಮೆಟ್ಟಿಲಿಗೆ ಬಂದರೆ 'ಪಾಸಬಲ್', 'ಟಾಲರಬಲ್', 'ಸೋ-ಸೋ'. 'ಪಾಸಬಲ್' ಮಲೆನಾಡಿನವರಿಗೆ ಬಹಳ ಉಪಯೋಗದ ಪದ, ಏಕೆಂದರೆ ಅದು ರಸ್ತೆಗೂ ಸಲ್ಲುತ್ತದೆ. ಜುಲೈ ತಿಂಗಳಲ್ಲಿ ಧರೆ ಕುಸಿದ ಮಣ್ಣು ತೆಗೆದ ಮೇಲೆ ಆಗುಂಬೆ ಘಾಟಿ 'ಪಾಸಬಲ್' ಎಂದರೆ ವಾಹನ ಹೋಗಬಹುದು. ಅದು ಶುಭ ಸುದ್ದಿ. ಊಟ 'ಪಾಸಬಲ್' ಎಂದರೆ ಗಂಟಲಲ್ಲಿ ಇಳಿಯಿತು, ಅಷ್ಟೇ. 'ಟಾಲರಬಲ್' ಎಂದರೆ ಸಹಿಸಿಕೊಂಡೆವು.

ಇನ್ನು 'ಮೀಡಿಯೋಕರ್'. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ ಬೆಟ್ಟದ ಅರ್ಧ ದಾರಿ. ಹದಿನಾಲ್ಕು ತಿರುವುಗಳ ಘಾಟಿಯಲ್ಲಿ ಏಳನೆಯದರಲ್ಲಿ ನಿಂತವನಿಗೆ ಅದು ಹೀನಾಯವಾದ ಜಾಗವೇನಲ್ಲ. ಆದರೆ ಇಂದಿನ ಇಂಗ್ಲಿಷಿನಲ್ಲಿ ಇದು ಬೈಗುಳಕ್ಕೆ ಸಮ: ಮೇಲೇರಬಹುದಿತ್ತು, ಏರಲಿಲ್ಲ ಎಂಬ ತಿರಸ್ಕಾರ ಅದರಲ್ಲಿದೆ. ನಡುವಿನ ಮೆಟ್ಟಿಲು ಎಂದು ಭಾವಿಸಿ ಇದನ್ನು ಬಳಸುವುದು ನಾನು ಕಂಡ ತಪ್ಪುಗಳಲ್ಲೆಲ್ಲ ಹೆಚ್ಚು ಹಾನಿ ಮಾಡುವಂಥದ್ದು. ಜಗಳ ಆಡುವ ಉದ್ದೇಶವಿದ್ದರೆ ಮಾತ್ರ ಬರೆಯಿರಿ.

4. ಒಗ್ಗರಣೆ ಪದಗಳನ್ನು ಅಳೆದು ಹಾಕಿ

ಗುಣವಾಚಕದ ಮುಂದೆ ಬಂದು ಅದರ ಕಾವು ಏರಿಸುವ, ಇಳಿಸುವ ಸಣ್ಣ ಪದಗಳಿವೆ. ಸಾಸಿವೆಯ ಹಾಗೆ ಇವು ಸ್ವಲ್ಪವೇ ಸಾಕು, ಹೆಚ್ಚಾದರೆ ಕಹಿ.

'ಫೇರ್ಲಿ' ತಕ್ಕಮಟ್ಟಿಗೆ ಎಂಬುದಕ್ಕೆ ಹತ್ತಿರ. 'ಪ್ರಿಟಿ' ಅದಕ್ಕಿಂತ ತುಸು ಮೇಲೆ, ಮಾತಿನ ಧಾಟಿ. 'ರಾದರ್' ಸಾಮಾನ್ಯವಾಗಿ ದೂರಿನ ಜೊತೆ ಬರುತ್ತದೆ: ರಾದರ್ ಕೋಲ್ಡ್, ರಾದರ್ ನಾಯ್ಸಿ. 'ಪರ್ಫೆಕ್ಟ್ಲಿ' ಸೇರಿದರೆ 'ಆಡಿಕ್ವೆಟ್' ಕೂಡ ಮುಖ ಅರಳಿಸುತ್ತದೆ: ಏನೂ ಕೊರತೆಯಿಲ್ಲ, ಸುಮ್ಮನೆ ಹೆಚ್ಚು ಖರ್ಚು ಮಾಡಬೇಡಿ ಎಂಬ ಅರ್ಥ ಬರುತ್ತದೆ. 'ಬೇರ್ಲಿ' ಸೇರಿದರೆ ಅದೇ ಪದ ನೆಲ ಕಚ್ಚುತ್ತದೆ.

ಎಚ್ಚರಿಕೆ 'ಕ್ವೈಟ್' ಬಗ್ಗೆ. ಅಮೆರಿಕದವರಿಗೆ 'ಕ್ವೈಟ್ ಗುಡ್' ಎಂದರೆ ಬಹಳ ಚೆನ್ನಾಗಿದೆ. ಬ್ರಿಟಿಷರಿಗೆ ಹೆಚ್ಚಾಗಿ ತಕ್ಕಮಟ್ಟಿಗೆ ಚೆನ್ನಾಗಿದೆ, ಒಮ್ಮೊಮ್ಮೆ ನಿರಾಶೆಯ ಛಾಯೆಯೂ ಸೇರಿರುತ್ತದೆ. ನಮ್ಮವರು ಎರಡೂ ರೀತಿಯಲ್ಲಿ ಬಳಸುತ್ತಾರೆ. ಓದುವವರು ಯಾವ ದೇಶದವರೆಂದು ತಿಳಿಯದಿದ್ದರೆ ಈ ಪದವನ್ನೇ ಬಿಡಿ, ನಷ್ಟವೇನಿಲ್ಲ.

5. ಪದಕ್ಕೆ ಸಂಗತಿಯ ಊರುಗೋಲು ಕೊಡಿ

ಯಾವ ಪದ ಆರಿಸಿದರೂ ಅದು ಒಂಟಿಯಾಗಿ ನಿಲ್ಲಲಾರದು. ಜೊತೆಗೊಂದು ಅಳತೆ ಬೇಕು.

ಕಾಳುಮೆಣಸಿನ ಮಾದರಿಯನ್ನೇ ತೆಗೆದುಕೊಳ್ಳಿ. 'ಆವರೇಜ್ ಕ್ವಾಲಿಟಿ ಪೆಪ್ಪರ್' ಎಂದು ಬರೆದರೆ ಕೊಳ್ಳುವವರು ಮೊದಲು ಮಾಡುವ ಕೆಲಸ ಬೆಲೆ ಇಳಿಸುವುದು. ಮೆಣಸಿನ ವ್ಯಾಪಾರದಲ್ಲಿ ಲೀಟರ್ ತೂಕ ಎಂಬ ಲೆಕ್ಕವಿದೆ: ಒಂದು ಲೀಟರ್ ಅಳತೆಯ ಪಾತ್ರೆ ತುಂಬ ಕಾಳು ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಕಾಳು ಗಟ್ಟಿಯಾಗಿದ್ದಷ್ಟೂ ತೂಕ ಹೆಚ್ಚು, ಜೊಳ್ಳು ಸೇರಿದಷ್ಟೂ ಕಡಿಮೆ. 500 ಗ್ರಾಂ, 550 ಗ್ರಾಂ ಎಂಬ ದರ್ಜೆಗಳು ವಿದೇಶಿ ವ್ಯಾಪಾರಿಗಳಿಗೂ ಗೊತ್ತು. ನಿಮ್ಮದು 520 ತೂಗಿದರೆ ಹೀಗೆ ಬರೆಯಿರಿ: ಲೀಟರ್ ತೂಕ 520 ಗ್ರಾಂ, ತೇವಾಂಶ ಇಷ್ಟು, ಬಿಸಿಲಿನಲ್ಲಿ ಒಣಗಿಸಿದ್ದು, ಒಂದು ಸಲ ಜರಡಿ ಹಿಡಿದದ್ದು, ಸ್ವಲ್ಪ ಕಡ್ಡಿ ಮತ್ತು ಜೊಳ್ಳು ಉಳಿದಿದೆ. ಇದಿಷ್ಟಾದ ಮೇಲೆ 'ಡೀಸೆಂಟ್' ಎಂದೋ 'ಫೇರ್ಲಿ ಕ್ಲೀನ್' ಎಂದೋ ಸೇರಿಸಿದರೆ ಆ ಪದಕ್ಕೆ ಯಾರೂ ಅಪಾರ್ಥ ಮಾಡಲಾರರು. ಸೇರಿಸದಿದ್ದರೂ ನಡೆಯುತ್ತದೆ.

ಹೋಂಸ್ಟೇ ಕೋಣೆಯ ವಿವರಣೆಗೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಇಲ್ಲಿ ಹೊಗಳುತ್ತಿರುವುದು ನಿಮ್ಮದೇ ಮನೆಯನ್ನು. 'ಡೀಸೆಂಟ್', 'ನಾಟ್ ಬ್ಯಾಡ್' ಇತರರ ವಸ್ತುವಿಗೆ ಹೇಳುವ ಮಾತು. ನಮ್ಮದಕ್ಕೆ ನಾವೇ ಹೇಳಿಕೊಂಡರೆ ಏನೋ ಮುಚ್ಚಿಡುತ್ತಿದ್ದೇವೆ ಎನಿಸುತ್ತದೆ. ನಮ್ಮದಕ್ಕೆ 'ಸಿಂಪಲ್', 'ಬೇಸಿಕ್', 'ಮಾಡೆಸ್ಟ್' ಒಪ್ಪುತ್ತವೆ. 'ಸಿಂಪಲ್' ಊಟಕ್ಕೆ ಚೆನ್ನ, 'ಬೇಸಿಕ್' ಸೌಲಭ್ಯಕ್ಕೆ, 'ಮಾಡೆಸ್ಟ್' ಗಾತ್ರಕ್ಕೆ.

ಹೆಂಚಿನ ಮಾಡಿನ ಕೋಣೆ, ಎರಡು ಮಂಚ, ಫ್ಯಾನ್ ಇದೆ, ಎಸಿ ಇಲ್ಲ, ಬಿಸಿನೀರು ಬಚ್ಚಲ ಹಂಡೆಯದು, ಮೊಬೈಲ್ ಸಿಗ್ನಲ್ ಅಂಗಳದ ಹಲಸಿನ ಮರದ ಹತ್ತಿರ ಮಾತ್ರ ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಬರೆಯುವುದೇನು? 'ಲಕ್ಷುರಿ', 'ಪ್ರೀಮಿಯಂ', 'ವರ್ಲ್ಡ್ ಕ್ಲಾಸ್'. ಬಂದವರು ಹಂಡೆಯ ಹೊಗೆ ಕಂಡು ಮುನಿಸಿಕೊಳ್ಳುತ್ತಾರೆ. ಅದರ ಬದಲು ಕೋಣೆ ಬೇಸಿಕ್ ಮತ್ತು ಕ್ಲೀನ್ ಎಂದು ಬರೆದು, ಕೆಳಗೆ ಇದ್ದದ್ದನ್ನು ಇದ್ದ ಹಾಗೆ ಪಟ್ಟಿ ಮಾಡಿ. ಬಿಸಿನೀರು ಬೆಳಿಗ್ಗೆ ಎಷ್ಟರಿಂದ ಎಷ್ಟರವರೆಗೆ, ಕರೆಂಟ್ ಹೋದರೆ ಏನು ವ್ಯವಸ್ಥೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಉಂಬಳಗಳು (ಜಿಗಣೆಗಳು) ಇರುತ್ತವೆ, ಹಾಸಿಗೆ ತುಸು ಥಂಡಿ ಹಿಡಿಯುತ್ತದೆ, ಎಲ್ಲವನ್ನೂ ಬರೆಯಿರಿ. 'ಬೇಸಿಕ್' ಎಂದು ಓದಿ ಬಂದವರಿಗೆ ಅದೇ ಹಂಡೆಯ ನೀರು ಫೋಟೋ ತೆಗೆಯುವ ಸಂಗತಿಯಾಗುತ್ತದೆ.

ಎಚ್ಚರಿಕೆ: 'ಹೋಮ್ಲಿ' ಎಂಬ ಪದ ನಮ್ಮ ಕಡೆಯ ಎಲ್ಲ ಫಲಕಗಳಲ್ಲೂ ಇದೆ. ಮನೆಯ ವಾತಾವರಣ ಎಂಬ ಅರ್ಥದಲ್ಲಿ ಭಾರತದಲ್ಲಿ, ಬ್ರಿಟನ್ನಿನಲ್ಲಿ ಅಡ್ಡಿಯಿಲ್ಲ. ಅಮೆರಿಕದವರಿಗೆ ಅದು ರೂಪವಿಲ್ಲದ, ಅಂದಗೇಡಿ ಎಂದು ಕೇಳಿಸುತ್ತದೆ. ಊಟಕ್ಕೆ 'ಹೋಮ್-ಕುಕ್ಡ್' ಎಂದು ಬರೆದರೆ ಯಾರಿಗೂ ಗೊಂದಲವಿಲ್ಲ.

ಪ್ರಗತಿ ಪತ್ರಕ್ಕೂ ಇದೇ ಕ್ರಮ. 'ಆವರೇಜ್' ಎಂಬ ಒಂಟಿ ಪದದ ಬದಲು, ಓದುತ್ತಾನೆ, ಬರೆಯುವಾಗ ಒತ್ತಕ್ಷರ ಬಿಡುತ್ತಾನೆ, ಭಾಗಾಕಾರದಲ್ಲಿ ಶೇಷ ತಪ್ಪುತ್ತದೆ ಎಂದು ಬರೆಯಿರಿ. ಕಾಲಂ ಚಿಕ್ಕದಿದೆ ಎಂಬುದು ನಿಜ. ಅಕ್ಷರ ಚಿಕ್ಕದು ಮಾಡಿ.

6. ನಿಮ್ಮ ಬಗ್ಗೆ ಇತರರು ಬರೆದದ್ದನ್ನು ಓದುವುದು

ಇದೇ ಲೆಕ್ಕ ಹಿಂದುಮುಂದಾಗಿ ಕೆಲಸಕ್ಕೆ ಬರುತ್ತದೆ. ಅತಿಥಿಯೊಬ್ಬರು ಮೂರು ನಕ್ಷತ್ರ ಕೊಟ್ಟು 'ಸ್ಟೇ ವಾಸ್ ಓಕೆ' ಎಂದು ಬರೆದಿದ್ದರೆ ಮೊದಲು ನೋಡಬೇಕಾದದ್ದು 'ಓಕೆ' ಪದವನ್ನಲ್ಲ, ಅದರ ಆಸುಪಾಸಿನಲ್ಲಿ ಯಾವ ವಸ್ತುವಿನ ಹೆಸರಿದೆ, ಯಾವುದರ ಹೆಸರಿಲ್ಲ ಎಂಬುದನ್ನು. ಕೋಣೆ, ಜಲಪಾತ, ನಾಯಿಮರಿ ಎಲ್ಲವನ್ನೂ ನೆನೆದು ಊಟದ ಮಾತೇ ಎತ್ತದಿದ್ದರೆ ತೊಂದರೆ ಅಡುಗೆಮನೆಯಲ್ಲಿದೆ.

ಬ್ರಿಟಿಷ್ ಅತಿಥಿ 'ನಾಟ್ ಬ್ಯಾಡ್ ಅಟ್ ಆಲ್' ಎಂದಿದ್ದರೆ ಸಂತೋಷಪಡಿ. ಬೆಂಗಳೂರಿನ ಕನ್ನಡಿಗರು 'ನಾಟ್ ಬ್ಯಾಡ್' ಎಂದಿದ್ದರೆ ಅವರು ಮನಸ್ಸಿನಲ್ಲಿ 'ಪರವಾಗಿಲ್ಲ' ಎಂದುಕೊಂಡು ಅದನ್ನೇ ಇಂಗ್ಲಿಷಿಗೆ ಇಳಿಸಿದ್ದಾರೆ; ಅಂಥಲ್ಲಿ ಪದಕ್ಕಿಂತ ನಕ್ಷತ್ರದ ಸಂಖ್ಯೆಯನ್ನು ನಂಬುವುದು ಮೇಲು. ನಾಲ್ಕು ನಕ್ಷತ್ರದ ಪಕ್ಕದ 'ನಾಟ್ ಬ್ಯಾಡ್' ಹೊಗಳಿಕೆ, ಎರಡರ ಪಕ್ಕದ್ದು ಸಂಕೋಚ.

ಉತ್ತರ ಬರೆಯುವಾಗ ವಾದಕ್ಕೆ ಇಳಿಯಬೇಡಿ. 'ಓಕೆ ಎಂದರೆ ಏನರ್ಥ, ಎಲ್ಲರೂ ಚೆನ್ನಾಗಿದೆ ಎಂದಿದ್ದಾರಲ್ಲ' ಎಂದು ಸಾರ್ವಜನಿಕವಾಗಿ ಕೇಳಿದವರ ಮನೆಗೆ ಮುಂದಿನ ಅತಿಥಿ ಯೋಚಿಸಿ ಬರುತ್ತಾರೆ. ಬಂದದ್ದಕ್ಕೆ ಧನ್ಯವಾದ ಒಂದು ಸಾಲು, ಅವರು ಹೇಳಿದ ಅಥವಾ ಹೇಳದೆ ಬಿಟ್ಟ ಕೊರತೆಗೆ ಮಾಡಿರುವ ಏರ್ಪಾಡು ಒಂದು ಸಾಲು, ಅಷ್ಟು ಸಾಕು. ಏರ್ಪಾಡು ನಿಜವಾಗಿ ಆದ ಮೇಲೆಯೇ ಆ ಎರಡನೆಯ ಸಾಲು ಬರೆಯಿರಿ. ಬಿಸಿನೀರಿನ ಹೊತ್ತು ಬದಲಾಗಿದ್ದರೆ ಕೋಣೆಯ ವಿವರಣೆಯಲ್ಲಿಯೂ ಅಂದೇ ತಿದ್ದಿಬಿಡಿ.